ಒಡೆಯದ ಗಾಜಿನ ಸದ್ದು

ನನ್ನ ಗಂಡನ ಕಸುಬು ಬೀಗ ರಿಪೇರಿ. ಕೀಲಿಕೈ ಕಳೆದುಕೊಂಡವರ ಬಾಗಿಲನ್ನು ಒಂದು ತುಂಡು ತಂತಿಯಿಂದ ಎರಡೇ ನಿಮಿಷದಲ್ಲಿ ತೆರೆದುಕೊಡುವುದು ಇವರ ಹೆಚ್ಚುಗಾರಿಕೆ. ಇಂಥವರಿಗೆ ಜಗತ್ತಿನ ಯಾವ ಬೀಗದ ಮೇಲೂ ನಂಬಿಕೆ ಇಲ್ಲದಿರುವುದು ಸಹಜ ತಾನೇ? ಹಿಂದಿನ ಬೀದಿಯಲ್ಲಿ ಯಾರದೋ ಮನೆಯ ಕಿಟಕಿ ಗಾಜು ಒಡೆದು ಸೈಕಲ್ ಕದ್ದರಂತೆ ಎಂಬ ಸುದ್ದಿ ಬಂದದ್ದೇ ತಡ, ಇವರ ನಿದ್ದೆ ಹಾರಿಹೋಯಿತು.

"ಕಿಟಕಿಯಿಂದ ಸೈಕಲ್ ಹೇಗ್ರೀ ತೆಗೆದ್ರು?" ಎಂದು ಕೇಳಿದೆ.

"ಅದೇ ನೋಡು, ಎಷ್ಟು ಪಳಗಿದವರಿರಬೇಕು!" ಎಂದರು.

ವಾರದೊಳಗೆ ನಮ್ಮ ಮನೆಗೆ ಅಲಾರಂ ಬಂತು. ಮುಂಬಾಗಿಲಿಗೊಂದು ಡಬ್ಬಿ, ಹಿಂಬಾಗಿಲಿಗೊಂದು ಡಬ್ಬಿ, ನಾನು ಗಿರಾಕಿಗಳಿಗೆ ಪರದೆ ಹೊಲಿದುಕೊಡುವ ಮುಂದಿನ ಕೋಣೆಯ ಗೋಡೆಗೆ ಇನ್ನೊಂದು ಬಿಳಿ ಡಬ್ಬಿ. ಈ ಮೂರನೆಯದಕ್ಕೆ ಕಿವಿ ಇದೆ, ಗಾಜು ಒಡೆಯುವ ಸದ್ದು ಬಿದ್ದರೆ ಸೈರನ್ ಕೂಗುತ್ತದೆ ಎಂದು ಕಂಪನಿಯ ಮೆಕ್ಯಾನಿಕ್ ವಿವರಿಸಿದ. ಇವರು ಉಬ್ಬಿಹೋದರು. ಮನೆಯಲ್ಲಿ ಜನ ಇರಲಿ ಬಿಡಲಿ, ಹಗಲೆಲ್ಲ ಅದು ಚಾಲೂ ಇರಬೇಕೆಂದು ಕಟ್ಟಪ್ಪಣೆಯಾಯಿತು.

ಮೂರನೆಯ ದಿನವೇ ಕೂಗಿತು. ಕೂಗಿದ್ದೆಂದರೆ ಅಂತಿಂಥ ಕೂಗಲ್ಲ, ನನ್ನ ಬೆರಳಿಗೆ ಸೂಜಿ ಹೊಕ್ಕಿತು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ದೊಣ್ಣೆ ಹಿಡಿದು ಕಾಂಪೌಂಡ್ ಹಾರಿ ಬಂದರು. ಅಲಾರಂ ಕಂಪನಿಯ ಕಂಟ್ರೋಲ್ ರೂಮಿನ ಹುಡುಗಿಯ ಫೋನ್ ಹೋಗಿ, ಇವರು ತಮ್ಮ ಬೀಗದಂಗಡಿಗೇ ಬೀಗ ಹಾಕದೆ ಓಡಿ ಬಂದರು. ನೋಡಿದರೆ ಒಂದು ಗಾಜೂ ಒಡೆದಿಲ್ಲ. ಕೋಣೆಯಲ್ಲಿ ಇದ್ದದ್ದು ನಾನು, ನನ್ನ ತಂಗಿ, ಅರ್ಧ ಹೊಲಿದ ಒಂದು ಪರದೆ.

ಆಮೇಲೆ ಇದು ವಾರಕ್ಕೆ ಎರಡು ಸಲದ ಗೋಳಾಯಿತು. ಇವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಿನ, ಹೊತ್ತು, ಕಾರಣ ಎಂದು ಬರೆಯತೊಡಗಿದರು. ಕಾರಣದ ಕೆಳಗೆ ಸಾಲಾಗಿ 'ಗೊತ್ತಿಲ್ಲ, ಗೊತ್ತಿಲ್ಲ'. ನನ್ನ ಹೊಲಿಗೆ ಯಂತ್ರದ ಮೇಲೆ ಅನುಮಾನಪಟ್ಟರು, ಗುಬ್ಬಿಗಳ ಮೇಲೆ ಪಟ್ಟರು, ಕೊನೆಗೆ ಮೇಷ್ಟ್ರ ಸೀಟಿಯನ್ನೂ ಬಿಡಲಿಲ್ಲ. ಮೇಷ್ಟ್ರೋ, ಎರಡನೆಯ ವಾರ ಗೇಟಿನಿಂದ ನಡೆದು ಬಂದರು. ಮೂರನೆಯ ವಾರ ತಮ್ಮ ಕಿಟಕಿಯಿಂದಲೇ "ಇವತ್ತೂ ಸುಳ್ಳಾ?" ಎಂದು ಕೇಳಿ ಒಳಗೆ ಹೋದರು.

ಕೊನೆಗೆ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವನು ಡಬ್ಬಿಯನ್ನು ಮುಟ್ಟಲೇ ಇಲ್ಲ, ನೋಟ್‌ಬುಕ್ ಓದಿದ.

"ಅಕ್ಕಾ, ಎಲ್ಲಾ ಮಂಗಳವಾರ, ಶುಕ್ರವಾರ. ಅದೂ ಮಧ್ಯಾಹ್ನ ಒಂದೂವರೆಗೆ. ಆಗ ಮನೇಲಿ ಏನ್ ನಡೆಯುತ್ತೆ?"

"ನನ್ನ ತಂಗಿ ಬರ್ತಾಳೆ. ಪೋಸ್ಟಾಫೀಸಿನ ಕೌಂಟರಲ್ಲಿ ಕೂರ್ತಾಳಲ್ಲ, ಅಲ್ಲಿಗೆ ಬಂದವರ ಕಥೆ ಎಲ್ಲಾ ಹೇಳ್ತಾಳೆ."

"ನೀವೇನ್ ಮಾಡ್ತೀರಿ?"

"ನಾನೇನ್ ಮಾಡ್ಲಿ, ನಗ್ತೀನಿ."

ಅವನು ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. "ಒಂದ್ಸಲ ನಗಿ ನೋಡೋಣ" ಎಂದ.

ನನ್ನ ನಗುವಿನ ವಿಷಯ ಹೇಳಿಬಿಡುತ್ತೇನೆ. ಶುರುವಾಗುವುದು ಎಲ್ಲರಂತೆಯೇ. ಆಮೇಲೆ ಮೆಟ್ಟಿಲು ಹತ್ತುತ್ತಾ ಹೋಗಿ ತುದಿಯಲ್ಲಿ ಝಲ್ಲನೆ ಚೆಲ್ಲುತ್ತದೆ. ಶಾಲೆಯಲ್ಲಿ ಅದಕ್ಕಾಗಿ ನನ್ನನ್ನು ಹೊರಗೆ ನಿಲ್ಲಿಸಿದ್ದುಂಟು. ಆದರೆ ಮದುವೆಗೆ ಮುಂಚೆ ಅದನ್ನು ಕೇಳಲೆಂದೇ ಇವರು ನಮ್ಮ ತಂದೆಯ ಮನೆಯ ಬೀಗವನ್ನು ಮೂರು ಸಲ ರಿಪೇರಿ ಮಾಡಿದ್ದರು. ಬೀಗ ಒಂದು ಸಲವೂ ಕೆಟ್ಟಿರಲಿಲ್ಲ.

ಈಗ ನಗು ಎಂದರೆ ಎಲ್ಲಿಂದ ತರಲಿ? ಬಾಯಿ ತೆರೆದೆ, ಸೀನಿನಂಥದ್ದೇನೋ ಬಂತು.

"ಸಾರ್, ನೀವೊಂದು ಜೋಕ್ ಹೇಳಿ" ಎಂದ ಮೆಕ್ಯಾನಿಕ್.

ಇವರು ಗಂಟಲು ಸರಿಮಾಡಿಕೊಂಡರು. ಹುಬ್ಬು ಗಂಟಿಕ್ಕಿ ಯೋಚಿಸಿದರು. "ಒಬ್ಬ ಇದ್ದ. ಅವನು ಬೀಗಾನ ಬಾಗಿಲಿಗೆ ತಲೆಕೆಳಗಾಗಿ ಹಾಕಿಸಿದ್ದ" ಎಂದು ಹೇಳಿ, ಮುಂದೆ ಏನೂ ಹೇಳದೆ, ತಾವೊಬ್ಬರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲು ಹತ್ತಿದೆ, ಚೆಲ್ಲಿದೆ, ಸೈರನ್ ಹೊಡೆದುಕೊಂಡಿತು.

"ಇದೇ ಸಾರ್" ಎಂದ ಮೆಕ್ಯಾನಿಕ್. ಡಬ್ಬಿಯ ಕಿವಿ ಮಂದ ಮಾಡಿದರೆ ನಿಜವಾಗಿ ಗಾಜು ಒಡೆದರೂ ಅದಕ್ಕೆ ಕೇಳಿಸುವುದಿಲ್ಲವಂತೆ. ಅವನು ಹೋದ ಮೇಲೆ ಇವರು ನನ್ನ ಕಡೆ ತಿರುಗಿದರು.

"ಅಲ್ಲ ಕಣೇ, ನೀನು ಸ್ವಲ್ಪ ಮೆಲ್ಲಗೆ, ಸ್ವಲ್ಪ ದಪ್ಪ ದನಿಯಲ್ಲಿ ನಗೋಕಾಗಲ್ವಾ?"

ನನಗೆ ಮೈಯೆಲ್ಲ ಉರಿಯಿತು. "ನಗೋದನ್ನೇ ಬಿಡ್ತೀನಿ ಬಿಡಿ. ನಿಮ್ಮ ಡಬ್ಬಿ ಸುಖವಾಗಿರ್ಲಿ!"

ಹಟ ಹಿಡಿದರೆ ನಾನೂ ಕಡಿಮೆಯವಳಲ್ಲ. ಮಂಗಳವಾರ ತಂಗಿ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದೆ. ಶುಕ್ರವಾರ ಗಿರಾಕಿಯ ಪರದೆಯ ಅಂಚು ಕಚ್ಚಿಕೊಂಡೆ. ಬರಬರುತ್ತಾ ಕೈಯೂ ಬೇಕಾಗಲಿಲ್ಲ, ಬಟ್ಟೆಯೂ ಬೇಕಾಗಲಿಲ್ಲ. ಇವರಿಗೆ ಮಾತ್ರ ಸಂಭ್ರಮ. "ಮೇಷ್ಟ್ರೇ, ಇಪ್ಪತ್ತನಾಲ್ಕು ದಿನ ಆಯ್ತು, ಒಂದ್ಸಲನೂ ಕೂಗಿಲ್ಲ!" ಎಂದು ಕಾಂಪೌಂಡ್ ಆಚೆಗೂ ಸಾರಿದರು.

ಅದರ ಮರುದಿನ ಶುಕ್ರವಾರ. ತಂಗಿ ಬಾಗಿಲಲ್ಲೇ ಕಥೆ ಶುರುಮಾಡಿದಳು. ಅಂಚೆಯವನು ಸರಿಯಾಗಿ ಕೆಲಸ ಮಾಡುತ್ತಾನೋ ಇಲ್ಲವೋ ಎಂದು ಪರೀಕ್ಷಿಸಲು ಒಬ್ಬ ಮಹಾಶಯ ತನಗೆ ತಾನೇ ಕಾಗದ ಬರೆದುಕೊಂಡನಂತೆ. ಮರುದಿನವೇ ಕೌಂಟರಿಗೆ ಬಂದು ಜಗಳ ತೆಗೆದನಂತೆ: ಕಾಗದವೇನೋ ಬಂತು, ಆದರೆ ಬರೆದವನ ಅಕ್ಷರ ಓದಲಿಕ್ಕೇ ಆಗುತ್ತಿಲ್ಲ, ಇಂಥವರ ಕಾಗದವನ್ನು ನೀವು ತೆಗೆದುಕೊಳ್ಳುವುದಾದರೂ ಯಾಕೆ? ತಂಗಿ ಅವನ ಕನ್ನಡಕ, ಅವನ ಮೂಗು, ಅವನು ಮೇಜು ಕುಟ್ಟಿದ್ದು ಎಲ್ಲವನ್ನೂ ಮಾಡಿ ತೋರಿಸಿದಳು.

ಇದು ನಗುವ ವಿಷಯ ಎಂದು ನನಗೆ ಗೊತ್ತಾಯಿತು. ನಗು ಬಂದರೆ ತಡೆಯಬೇಕಲ್ಲ ಎಂದು ಕಾದೆ. ಬರಲಿಲ್ಲ. "ಹೌದಾ" ಎಂದೆ.

ತಂಗಿಯ ಕೈ ಗಾಳಿಯಲ್ಲೇ ನಿಂತಿತು. "ಅಕ್ಕಾ, ಹುಷಾರಿಲ್ವಾ?"

ನನಗೆ ನಿಜವಾಗಿಯೂ ಭಯವಾಯಿತು. ಕಳ್ಳರಿಗೆ ನಾನು ಯಾವತ್ತೂ ಅಷ್ಟು ಹೆದರಿದವಳಲ್ಲ.

ಸಂಜೆ ಇವರು ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಹೇಳಿದೆ. ಕೂಗಾಡಲಿಲ್ಲ.

"ಇವತ್ತು ನಗು ಬರ್ಲಿಲ್ಲ ಕಣ್ರೀ. ತಡೆದದ್ದಲ್ಲ. ಬರ್ಲೇ ಇಲ್ಲ."

ಇವರು ಒಂದು ಕಾಲಿನ ಚಪ್ಪಲಿಯಲ್ಲೇ ನಿಂತು ನನ್ನ ಮುಖ ನೋಡಿದರು. ಆಮೇಲೆ ಸ್ಟೂಲು ತಂದರು, ಸ್ಕ್ರೂಡ್ರೈವರ್ ತಂದರು, ಹತ್ತಿ ನಿಂತು ಬಿಳಿ ಡಬ್ಬಿಯನ್ನು ಬಿಚ್ಚತೊಡಗಿದರು. ಊರಿನ ಬಾಗಿಲನ್ನೆಲ್ಲ ತೆರೆದ ಮನುಷ್ಯನಿಗೆ, ಯಾರಾದರೂ ಬಿಚ್ಚಲು ಹೋದರೂ ಡಬ್ಬಿ ಕೂಗುತ್ತದೆ ಎಂಬುದು ಹೊಳೆಯಲಿಲ್ಲ. ಎರಡನೆಯ ಸ್ಕ್ರೂಗೆ ಸೈರನ್ ಹೊಡೆದುಕೊಂಡಿತು. ಕಂಟ್ರೋಲ್ ರೂಮಿನಿಂದ ಫೋನೂ ಬಂತು. ಇವರು ಅಷ್ಟಾದರೂ ಇಳಿಯದೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು.

"ಇಲ್ಲಮ್ಮ, ಯಾರೂ ನುಗ್ಗಿಲ್ಲ. ಗಾಜೂ ಒಡೆದಿಲ್ಲ... ಕಾರಣಾನಾ? ತಪ್ಪು ನನ್ನದು ಅಂತ ಬರ್ಕೋ... ಕೇಳಿಸ್ಲಿಲ್ವಾ? ನನ್ನ ತಪ್ಪು! ನನ್ನದು!"

ಮೇಷ್ಟ್ರು ಕಿಟಕಿಗೆ ಬಂದರು. "ಏನಂತೆ?"

"ನನ್ನದೇ ತಪ್ಪು ಮೇಷ್ಟ್ರೇ!" ಎಂದು ಇವರು ಸ್ಟೂಲಿನ ಮೇಲಿಂದ ಗಂಟಲು ಹರಿಯುವಂತೆ ಕಿರುಚಿದರು.

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಮಾತು ಇವರ ಬಾಯಿಂದ ನಾನು ಒಂದು ಸಲವೂ ಕೇಳಿರಲಿಲ್ಲ. ಈಗ ಇಡೀ ಬೀದಿಗೆ ಕೇಳಿಸಿದರು. ಹೊಟ್ಟೆಯ ತಳದಲ್ಲೆಲ್ಲೋ ಏನೋ ಅಲುಗಿತು. ಮೆಟ್ಟಿಲು ಹತ್ತಿತು. ಆ ಗಲಾಟೆಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ, ಇವರಿಗಂತೂ ಕೇಳಿಸಿರಲಾರದು. ಆದರೆ ನನ್ನ ಮುಖ ಕಂಡಿರಬೇಕು. ಬಿಚ್ಚಿ ತೆಗೆದ ಡಬ್ಬಿಯನ್ನು ಎದೆಗವುಚಿಕೊಂಡು ಸ್ಟೂಲಿನ ಮೇಲೆಯೇ ಕುಸಿದು ಕೂತರು, ಕಣ್ಣು ಒದ್ದೆಯಾಗಿತ್ತು.

ಐದು ನಿಮಿಷಕ್ಕೆ ಸೈರನ್ ತಾನಾಗಿಯೇ ನಿಂತಿತು. ನನ್ನ ನಗು ನಿಲ್ಲಲಿಲ್ಲ.