ಬಚ್ಚಲುಮನೆಗೆ ಹೋದ ಟ್ಯೂಬ್‌ಲೈಟು

ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಪ್ರಾಣ ಇರುತ್ತದಲ್ಲ, ಹಾಗೆ ನಮ್ಮ ಹೊಲಿಗೆಯವಳ ಪ್ರಾಣ ಹಾಲ್‌ನ ಟ್ಯೂಬ್‌ಲೈಟಿನಲ್ಲಿತ್ತು. ಹಾಲ್‌ನ ಒಂದೇ ಒಂದು ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿತ್ತು. ಸೂರ್ಯ ಆ ಸಂದಿಗೆ ಇಣುಕುವ ಉಸಾಬರಿಗೆ ಎಂದೂ ಹೋದವನಲ್ಲ. ಹಾಗಾಗಿ ಹಗಲಲ್ಲೂ ಮೆಷಿನ್ನಿನ ನೆತ್ತಿಯ ಮೇಲೆ ಅದು ಉರಿಯಬೇಕು, ಇವಳು ಸೂಜಿಗೆ ದಾರ ಪೋಣಿಸಬೇಕು.

ಮನೆಗೆ ಹೊಸ ಬಣ್ಣ ಹೊಡೆಸಿದ ವಾರ ಗಂಡನ ಅಕ್ಕ ಬಂದರು. ಅತ್ತಿಗೆಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಸಾಲದ್ದಕ್ಕೆ ಮುಂದಿನ ಸೋಮವಾರದಿಂದ ಅವರು ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿ ಬೇರೆ. ಮೊದಲ ದಿನಕ್ಕೆಂದು ಕಪ್ಪು ಕೋಟಿನ ಬಟ್ಟೆ ತಂದಿದ್ದರು.

"ಚೆನ್ನಾಗಿ ಬಂದ್ರೆ ನಮ್ಮ ಟೀಚರ್‌ಗಳ ಹದಿನೆಂಟು ಕೋಟೂ ನಿಂಗೇ," ಎಂದರು. ಹೊಲಿಗೆಯವಳು ಆಗಲೇ ಅಳತೆಯ ಟೇಪು ಕೈಗೆತ್ತಿಕೊಂಡಳು. ಅಲ್ಲಿಯವರೆಗೆ ಅವಳ ಕೈಗೆ ಬಂದದ್ದೆಲ್ಲ ದಿಂಬಿನ ಚೀಲ, ಹರಿದ ಜೇಬು.

ಮರುಕ್ಷಣವೇ ಅತ್ತಿಗೆಯ ಕಣ್ಣು ಮೇಲೆ ಹೋಯಿತು. "ಇದೇನು ಮನೆನಾ, ಆಸ್ಪತ್ರೆನಾ? ಈ ಬೆಳಕಲ್ಲಿ ಎಲ್ಲರೂ ಜ್ವರ ಬಿಟ್ಟು ಎದ್ದವರ ಥರ ಕಾಣ್ತಾರೆ."

"ಕಪ್ಪು ಬಟ್ಟೆ ಮೇಲೆ ದಾರ ಕಾಣ್ಬೇಕಲ್ಲ ಅತ್ತಿಗೆ."

"ಅದಕ್ಕೂ ಲ್ಯಾಂಪ್ ಸಿಗತ್ತೆ. ಸುಮ್ನೆ ಬಾ."

ಗಂಡ ಏನಾದರೂ ಹೇಳಿಯಾನೆಂದು ಅವಳು ನೋಡಿದಳು. ಅಕ್ಕನೆದುರು ಅವನು ಬಾಯಿ ತೆರೆಯುವುದು ಆಕಳಿಸುವುದಕ್ಕೆ ಮಾತ್ರ.

ದೀಪದ ಅಂಗಡಿಯಲ್ಲಿ ನೂರು ದೀಪ ಒಟ್ಟಿಗೇ ಉರಿಯುತ್ತಿದ್ದವು, ಹೊಲಿಗೆಯವಳಿಗೆ ಇಂದ್ರನ ಆಸ್ಥಾನಕ್ಕೇ ಬಂದಂತಾಯಿತು. ಅಲ್ಲಿ ಯಾವುದನ್ನು ತೋರಿಸಿದರೂ ಪ್ರಜ್ವಲಿಸುತ್ತಿತ್ತು, ಪಕ್ಕದ ತೊಂಬತ್ತೊಂಬತ್ತರ ದಯೆಯಿಂದ. ಅತ್ತಿಗೆ ಮೂರನ್ನು ಆರಿಸಿದರು: ಬೋರಲು ಹಾಕಿದ ಬೆತ್ತದ ಬುಟ್ಟಿಯಂಥ ತೂಗುದೀಪ, ಅಣಬೆಯಾಕಾರದ ಮೇಜಿನ ದೀಪ, ಗೋಡೆಗೆ ಸಿಕ್ಕಿಸಿದರೆ ಆ ಗೋಡೆಯನ್ನಷ್ಟೇ ತೋರಿಸುವ ಇನ್ನೊಂದು.

"ಸ್ವಲ್ಪ ಬಿಳೀದು ಒಂದು..." ಎಂದಳು ಹೊಲಿಗೆಯವಳು.

"ಬಿಳೀದೆಲ್ಲ ಹಳೇ ಕಾಲದ್ದು ಮೇಡಂ," ಎಂದ ಅಂಗಡಿಯವನು. ಅವನ ಗಲ್ಲಾದ ಮೇಲೆ ಮಾತ್ರ ಉದ್ದನೆಯ ಬಿಳಿ ಟ್ಯೂಬ್‌ಲೈಟು ಉರಿಯುತ್ತಿತ್ತು.

ಹಳೆಯದಕ್ಕೆ ಬಚ್ಚಲುಮನೆಯಲ್ಲಿ ವನವಾಸವಾಯಿತು. ಹಾಲ್‌ನಲ್ಲಿ ಜೇನಿನಂಥ ಬೆಳಕು ತುಂಬಿತು. ನೋಡಲು ಬಲು ಚಂದ. ಆದರೆ ಏನನ್ನಾದರೂ ನೋಡಬೇಕೆಂದರೆ ತಡಕಾಡಬೇಕು. ಭಾನುವಾರ ಸಂಜೆ ಅಣಬೆಯ ಪಕ್ಕ ಕೂತು, ಕಣ್ಣು ಕಿರಿದು ಮಾಡಿ, ಅವಳು ಕಪ್ಪಗೆ ಕಂಡ ದಾರ ಪೋಣಿಸಿ ಕೋಟಿನ ಕಾಲರಿಗೂ ಜೇಬಿಗೂ ಮೇಲುಹೊಲಿಗೆ ಹಾಕಿ ಮುಗಿಸಿದಳು. ಅತ್ತಿಗೆ ಬಂದು, ಬೆತ್ತದ ಬುಟ್ಟಿಯ ಕೆಳಗೆ ನಿಂತು ಹಿಂದೆ ಮುಂದೆ ತಿರುಗಿ ನೋಡಿದರು.

"ನೋಡು, ಈ ಬೆಳಕಲ್ಲಿ ಕೋಟಿಗೂ ಒಂದು ಕಳೆ ಬಂತು," ಎಂದು ಮೆಚ್ಚಿಕೊಂಡು ತೊಟ್ಟೇ ಹೋದರು.

ಸೋಮವಾರ ಬೆಳಗ್ಗೆ ಏಳಕ್ಕೆ ಬಾಗಿಲು ಬಡಿದದ್ದು ಅವರೇ. ಬೀದಿಯ ಬಿಸಿಲಿನಲ್ಲಿ ಕಪ್ಪು ಕೋಟಿನ ಕಾಲರು, ಜೇಬಿನ ಅಂಚಿಗುಂಟ ಒಂದೇ ಸಮನಾದ ಪುಟ್ಟ ಪುಟ್ಟ ನೀಲಿ ಹೊಲಿಗೆಗಳು ಓಡುತ್ತಿದ್ದವು.

"ಕಣ್ಣು ಎಲ್ಲಿಟ್ಟಿದ್ದೆ ನೀನು? ಒಂಬತ್ತಕ್ಕೆ ನಾನು ಮಕ್ಕಳ ಮುಂದೆ ನಿಲ್ಬೇಕು."

"ನೀವೂ ನೋಡಿದ್ರಲ್ಲ ಅತ್ತಿಗೆ. ಕಳೆ ಬಂತು ಅಂದ್ರಿ," ಎಂದಳು ಅವಳು, ಮೆತ್ತಗೆ.

ಅತ್ತಿಗೆ ಕೋಟು ಕಳಚಿ ಅವಳ ಕೈಗಿತ್ತರು.

ಬೀದಿಯಲ್ಲಿ ಕೂರುವಂತಿಲ್ಲ; ಮನೆಯೊಳಗೆ ಹೊಲಿಗೆ ಬಿಚ್ಚಲು ಬೆಳಕಿದ್ದದ್ದು ಬಚ್ಚಲುಮನೆಯಲ್ಲಿ ಮಾತ್ರ. ಮುಖ್ಯೋಪಾಧ್ಯಾಯಿನಿ ಬೋರಲು ಬಕೆಟ್ಟಿನ ಮೇಲೆ ಕೂತು ಕೋಟನ್ನು ಬಿಗಿಯಾಗಿ ಹಿಡಿದರು; ಹೊಲಿಗೆಯವಳು ಒಂದೊಂದೇ ನೀಲಿ ದಾರ ಕಿತ್ತಳು. ಮತ್ತೆ ಹೊಲಿಯಲು ಮೆಷಿನ್ ಬೇಕು, ಮೆಷಿನ್ ಬಚ್ಚಲಿನ ಬಾಗಿಲಲ್ಲಿ ತೂರಲಿಲ್ಲ. ಕೊನೆಗೆ ಗಂಡನೇ ಸ್ಟೂಲ್ ತಂದ.

"ಅಕ್ಕಾ, ನಿನ್ನ ಬುಟ್ಟಿ ಇಳಿಸ್ಲಾ?" ಎಂದ.

"ಇಳಿಸೋ, ಕೇಳ್ತಾ ನಿಂತ್ಕೋಬೇಡ."

ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ತನ್ನ ಸಿಂಹಾಸನವೇರಿತು. ಎಂಟೂವರೆಗೆ ಕೋಟು ಅಪ್ಪಟ ಕಪ್ಪಾಗಿ ಎದ್ದು ನಿಂತಿತು.

ಹೊಸ್ತಿಲಲ್ಲಿ ಅತ್ತಿಗೆ ತಿರುಗಿದರು. "ಆ ಹದಿನೆಂಟು ಕೋಟಿನ ಬಟ್ಟೆ ಕಳಿಸ್ತೀನಿ. ಆದ್ರೆ ಒಂದು ಮಾತು, ಹೊಲಿಗೆಗೆ ಬಿಳೀ ಬೆಳಕೇ ಬೇಕು. ಇಷ್ಟು ವರ್ಷ ಹೊಲೀತೀಯ, ಅಷ್ಟೂ ಗೊತ್ತಾಗಲ್ವಾ?"

"ಈಗ ಗೊತ್ತಾಯ್ತು ಅತ್ತಿಗೆ," ಎಂದಳು ಹೊಲಿಗೆಯವಳು.

ಬೆತ್ತದ ಬುಟ್ಟಿ ಈಗ ಬಚ್ಚಲುಮನೆಯಲ್ಲಿ ತೂಗುತ್ತಿದೆ. ಅಲ್ಲಿನ ಶೋಭೆಗೆ ಎಣೆಯಿಲ್ಲ; ಸೋಪು ಮಾತ್ರ ಕೈಗೆ ಸಿಗುವುದಿಲ್ಲ.