ಮಸೆಗಲ್ಲಿನ ಗುಳಿ

ಸೊಪ್ಪು ಹೆಚ್ಚುವ ಕತ್ತಿ ಮೊಂಡಾಗಿದೆಯೆಂದು ಮೊದಲು ಹೇಳಿದ್ದು ರೇಷ್ಮೆ ಹುಳುಗಳು. ಮಾತು ಬಾರದ ಪ್ರಾಣಿ ಹೇಗೆ ಹೇಳೀತು ಎಂದರೆ, ತಿನ್ನದೆ ಹೇಳುತ್ತದೆ. ಕುಂತೂರಿನ ಸಿದ್ದಮಲ್ಲಪ್ಪ ಬೆಳಿಗ್ಗೆ ಎದ್ದು ತಟ್ಟೆ ನೋಡಿದರೆ, ಹಿಂದಿನ ಸಂಜೆ ಉದುರಿಸಿದ ಹಿಪ್ಪುನೇರಳೆ ಸೊಪ್ಪು ಹಾಗೇ ಬಿದ್ದಿತ್ತು. ಚೂರುಗಳ ಅಂಚೆಲ್ಲ ಜಜ್ಜಿ ಕಪ್ಪಗಾಗಿತ್ತು. ಹುಳ ಇನ್ನೂ ಎಳೆಯವು, ಇರುವೆಗಿಂತ ತುಸು ದೊಡ್ಡವು. ಅಷ್ಟು ಸಣ್ಣ ಬಾಯಿಗೆ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಬೇಕು. ಕತ್ತಿ ಹರಿತವಿದ್ದರೆ ಚೂರು ಹಸಿರಾಗಿ ನಿಲ್ಲುತ್ತದೆ, ಮೊಂಡಾದರೆ ಬಾಡುತ್ತದೆ, ಹುಳ ಮೂತಿ ತಿರುಗಿಸುತ್ತದೆ. ಇನ್ನೆರಡು ದಿನ ಹೀಗೇ ಆದರೆ ಬೆಳೆ ಕೈಬಿಟ್ಟಂತೆಯೇ.

ಮನೆಯಲ್ಲಿ ಮಸೆಗಲ್ಲು ಇರಲಿಲ್ಲವೆ? ಇತ್ತು. ಅವನ ಅಜ್ಜ ಎಲ್ಲಿಂದಲೋ ತಂದ ಬೂದು ಬಣ್ಣದ ನುಣುಪುಗಲ್ಲು. ಹಿತ್ತಲ ಬಾಗಿಲ ಪಕ್ಕದಲ್ಲೇ ಕೂತಿತ್ತು. ಹೆಂಡತಿ ಮಾದೇವಮ್ಮ ಅದರ ಮೇಲೆ ಬಿದಿರಿನ ಮಂಕರಿ ಕವುಚಿ, ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು.

ಅವರ ಒಬ್ಬಳೇ ಮಗಳು ದೇವಮ್ಮಣ್ಣಿ ಎಡಚಿ. ಹೆಣ್ಣು ಎಡಗೈಯಲ್ಲಿ ಬಡಿಸಿದರೆ ಯಾವ ಮನೆಯವರು ಸೊಸೆ ಮಾಡಿಕೊಂಡಾರು ಎಂಬ ದಿಗಿಲು ಮಾದೇವಮ್ಮನಿಗೆ. "ಊರಿಗೊಂದು ದಾರಿ, ನಿನಗೊಂದು ದಾರಿ" ಎಂದು ಬೈಯುತ್ತ, ಅನ್ನ ಕಲಸುವ ಆ ಎಳೆಗೈ ಮೇಲೆ ಸೌಟಿನಲ್ಲಿ ಬಾರಿಸುತ್ತಿದ್ದಳು. ಹುಡುಗಿ ಕಣ್ಣು ತುಂಬಿಕೊಂಡು ಬಲಗೈಗೆ ಬದಲಾಯಿಸುತ್ತಿದ್ದಳು. ಆದರೆ ಹಿತ್ತಲಲ್ಲಿ ಕತ್ತಿ ಮಸೆಯುವಾಗ ಯಾರು ನೋಡುತ್ತಾರೆ? ಅದೊಂದು ಕೆಲಸದಲ್ಲಿ ತಾಯಿ ಅವಳ ಎಡಗೈಯನ್ನು ಅದರ ಪಾಡಿಗೆ ಬಿಟ್ಟಿದ್ದಳು. ವರ್ಷಗಟ್ಟಲೆ ಎಡಗೈ ಉಜ್ಜಿ ಉಜ್ಜಿ ಕಲ್ಲಿನ ಮೇಲ್ಮೈ ತುಂಬ ಓರೆಯಾದ ಗುಳಿ ಬಿದ್ದಿತ್ತು. ಹೋದ ವರ್ಷ ಅವಳಿಗೆ ಕಾಮಾಲೆ ಬಂತು. ಹಸಿರೌಷಧಿ ಕುಡಿಸಿದರು, ಕೊಳ್ಳೇಗಾಲದ ಆಸ್ಪತ್ರೆಗೂ ಒಯ್ದರು. ಹುಡುಗಿ ಉಳಿಯಲಿಲ್ಲ. ಉಳಿದಿದ್ದು ಆ ಗುಳಿ.

ಮಗಳು ಹೋದ ಮೇಲೆ ಇದೇ ಮೊದಲ ಬೆಳೆ. ಆ ಗುಳಿಯಲ್ಲಿ ಬಲಗೈಯವರು ಮಸೆದರೆ ಅಲಗು ಉರುಟಾಗುತ್ತದೆಯೇ ಹೊರತು ಹರಿತವಾಗುವುದಿಲ್ಲ. ಕಲ್ಲನ್ನು ಮಗುಚೋಣವೆಂದರೆ ಕೆಳಮೈ ಪೂರಾ ಸೀಳು. ಹೊಸ ಕತ್ತಿ ಕೊಂಡರೂ ಅದನ್ನು ಮಸೆಯಲು ಕಲ್ಲು ಬೇಕೇ ಬೇಕು. ಪಕ್ಕದ ಮನೆಯ ಕತ್ತಿ ಕೇಳುವಂತೆಯೂ ಇಲ್ಲ. ಹುಳ ಇರುವಾಗ ಒಂದು ಮನೆಯ ಸಾಮಾನು ಇನ್ನೊಂದು ಮನೆಯ ಹೊಸ್ತಿಲು ದಾಟಿದರೆ ರೋಗವೂ ಜೊತೆಗೆ ದಾಟುತ್ತದೆಂದು ಊರಿಗೆ ಊರೇ ನಂಬಿತ್ತು.

ಸಿದ್ದಮಲ್ಲಪ್ಪ ಸುಮ್ಮನೆ ಕೂರುವ ಆಸಾಮಿಯಲ್ಲ. ಕೊಳ್ಳೇಗಾಲಕ್ಕೆ ಹೋಗಿ ಅರ ತಂದು ಕತ್ತಿ ಉಜ್ಜಿದ. ಅಲಗಿಗೆ ಗರಗಸದ ಹಲ್ಲು ಮೂಡಿ ಸೊಪ್ಪು ಹರಿಯಿತೇ ವಿನಾ ಕೊಯ್ಯಲಿಲ್ಲ. ಸಂತೆ ಬಾಗಿಲಲ್ಲಿ ಸಾಣೆ ಚಕ್ರ ತಿರುಗಿಸುವವನಿಗೆ ಕೊಟ್ಟ. ಆತ ಕಿಡಿ ಹಾರಿಸಿ ಹಾರಿಸಿ ಹಳೆಯ ಉಕ್ಕಿನ ಅಂಚನ್ನು ಕಾಯಿಸಿ ನೀಲಿಗಟ್ಟಿಸಿ, ಹದ ಕೆಡಿಸಿ ಕೈಗಿಟ್ಟ. ಒಂದು ಹೊತ್ತು ಕೊಯ್ದದ್ದು ಮರುಹೊತ್ತಿಗೆ ಮತ್ತೆ ಮೊಂಡು. ಬಸ್ಸು ಹತ್ತಿ ಸತ್ತೇಗಾಲದ ಹೊಳೆಗೂ ಹೋದ. ಕಾವೇರಿ ದಡದಲ್ಲಿ ಕಲ್ಲಿಗೇನು ಬರವೇ ಎಂದುಕೊಂಡು ಅರ್ಧ ದಿನ ಅಲೆದು, ಕಣ್ಣಿಗೆ ಚೆನ್ನಾಗಿ ಕಂಡದ್ದೊಂದನ್ನು ಹೆಗಲ ಮೇಲೆ ಹೊತ್ತು ತಂದ. ಅದು ಮರಳುಮರಳಾಗಿ ಕತ್ತಿಯನ್ನೇ ತಿಂದಿತು.

ಆ ಸಂಜೆ ತಡೆಯಲಾರದೆ ಬಾಯಿಬಿಟ್ಟ.

"ಅಲ್ಲ ಕಣಮ್ಮಿ, ಹುಳ ಸಾಯ್ತಾವೆ. ನಮ್ ಕಲ್ನ ಸಮ ಮಾಡ್ಕಂಡ್ರೆ ಎಲ್ಲಾ ಸರೋಗುತ್ತೆ."

"ಅದ ಮುಟ್ಬ್ಯಾಡಿ ಕಣ್ರಿ."

"ಇನ್ನೇನ್ ಮಾಡನ ಯೋಳು?"

"ಬೆಳೆ ಓಗ್ಲಿ. ಇದ್ದದ್ದೆಲ್ಲಾ ಓಯ್ತು, ಇದೂ ಓಗ್ಲಿ."

ಸಿದ್ದಮಲ್ಲಪ್ಪನಿಗೆ ಕೋಪ ಬಂತು. ಮಗಳೇನು ಇವಳೊಬ್ಬಳಿಗೇ ಮಗಳೆ? ಆದರೂ ನಸುಕಿನಲ್ಲಿ ಹಿತ್ತಲಿಗೆ ಹೋದಾಗಲೆಲ್ಲ ಅವಳು ಮಂಕರಿ ಎತ್ತಿ, ಆ ಗುಳಿಯೊಳಗೆ ಅಂಗೈ ಇಟ್ಟುಕೊಂಡು ಕೂತಿರುವುದನ್ನು ಅವನು ಕಂಡಿದ್ದ. ಕಂಡು, ಕಾಣದವನ ಹಾಗೆ ಬಂದಿದ್ದ.

ಮಾರನೆಯ ಬೆಳಿಗ್ಗೆ ಅವಳು ಸೊಪ್ಪು ಬಿಡಿಸಲು ತೋಟಕ್ಕೆ ಹೋದಳು. ಅವನು ತಟ್ಟೆಗಳನ್ನು ನೋಡಿದ. ಅಂಚಿನಲ್ಲಿ ಕೆಲವು ಹುಳ ತಲೆ ಎತ್ತಿಕೊಂಡು ಅತ್ತಿತ್ತ ಆಡಿಸುತ್ತಿದ್ದವು. ಹಸಿದ ಮಕ್ಕಳು ಬಾಗಿಲು ನೋಡುವ ಹಾಗೆ. ಅವನು ಹಿತ್ತಲಿಗೆ ನಡೆದ. ಮಂಕರಿ ಎತ್ತಿ ಪಕ್ಕಕ್ಕಿಟ್ಟು, ಬಚ್ಚಲ ಚಪ್ಪಡಿಯ ಮೇಲೆ ಮರಳು ಹರಡಿ ನೀರು ಹಾಕಿ, ಕಲ್ಲನ್ನು ಬೋರಲು ಮಾಡಿ ಉಜ್ಜತೊಡಗಿದ. ಬೂದು ಬಣ್ಣದ ಕೆಸರು ಹರಿದು ಬಂತು. ಕೈ ನಿಂತಾಗೊಮ್ಮೆ ಕಲ್ಲೆತ್ತಿ ನೋಡಿದ. ಗುಳಿ ಇನ್ನೂ ಅಂಗೈಯಷ್ಟಿತ್ತು. ನೋಡಬಾರದೆಂದುಕೊಂಡು ಮತ್ತೆ ಉಜ್ಜಿದ. ಕಣ್ಣೀರು ಮೂಗಿನ ತುದಿಯಿಂದ ಕೆಸರಿಗೆ ತೊಟ್ಟಿಕ್ಕುತ್ತಿತ್ತು. ಗಂಡಸಿನ ಅಳು ನೋಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಸೊಪ್ಪಿನ ಹೊರೆ ದೊಪ್ಪೆಂದು ಬಿದ್ದ ಸದ್ದಾಯಿತು. ಮಾದೇವಮ್ಮ ಹಿಂದೆ ನಿಂತಿದ್ದಳು.

ಅವನು ಕೈ ನಿಲ್ಲಿಸಿದ. ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು ಸಿದ್ಧನಾಗಿ ಕೂತ. ಅವಳು ಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದಳು. ಗುಳಿ ಹುಣಸೆಬೀಜದಷ್ಟು ಉಳಿದಿತ್ತು.

"ಅಷ್ಟ್ ಇರ್ಲಿ ಬುಡು. ಅಷ್ಟ್ರಿಂದ ಏನೂ ಆಗಕಿಲ್ಲ," ಎಂದ ಅವನು ಮೆತ್ತಗೆ.

"ಬ್ಯಾಡ. ಅಷ್ಟ್ ಉಳುದ್ರೂ ನಾನ್ ದಿನಾ ಅದ್ನೇ ತಡುವ್ತಾ ಕುಂತ್ಕತೀನಿ. ಇಡ್ಕಳಿ ಆ ಕಡೆ."

ಕಲ್ಲಿನ ಒಂದು ತುದಿ ಅವನು, ಒಂದು ತುದಿ ಅವಳು ಹಿಡಿದರು. ಇಬ್ಬರೂ ಉಜ್ಜಿದರು. ಕಲ್ಲು ಸಮವಾಗುವ ಹೊತ್ತಿಗೆ ಬಿಸಿಲು ಹಿತ್ತಲ ಗೋಡೆ ಇಳಿದಿತ್ತು. ಅವಳು ಕೆಸರನ್ನೆಲ್ಲ ಬೊಗಸೆಯಲ್ಲಿ ಬಳಿದು, ಮನೆ ಹಿಂದಿನ ಹಿಪ್ಪುನೇರಳೆ ಗಿಡದ ಬುಡಕ್ಕೆ ಹಾಕಿ ಬಂದಳು. ಆಮೇಲೆ ಕತ್ತಿ ತಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸಿದ್ದಮಲ್ಲಪ್ಪ ನೋಡುತ್ತಾನೆ, ಕತ್ತಿ ಅವಳ ಎಡಗೈಯಲ್ಲಿದೆ. ಹುಟ್ಟಿದಾಗಿನಿಂದ ಆ ಕೈಯಲ್ಲಿ ಒಂದೂ ಕೆಲಸ ಮಾಡಿದವಳಲ್ಲ. ಅಲಗು ಅತ್ತ ಜಾರಿತು, ಇತ್ತ ಜಾರಿತು, ಅದೇ ಕೈಯ ಹೆಬ್ಬೆರಳು ಕೊಯ್ದು ರಕ್ತ ಬಂತು.

"ಬಲಗೈಲಿ ಉಜ್ಜು ಕಣಮ್ಮಿ, ಕಲ್ಲು ಸಮ ಆಯ್ತಲ್ಲ."

ಅವಳು ಬೆರಳನ್ನು ಬಾಯಿಗಿಟ್ಟು ತೆಗೆದಳು.

"ಅವ್ಳ ಈ ಕೈಗೆ ಎಷ್ಟ್ ಒಡ್ದಿದ್ದೀನಿ ನಾನು," ಎಂದಳು. "ಎಷ್ಟ್ ಕಷ್ಟ ಅಂತ ಈಗ ಗೊತ್ತಾಯ್ತಾ ಅದೆ. ಅವ್ಳಿಗೆ ಬಲಗೈಲಿ ಉಣ್ಣಕೂ ಇಂಗೇ ಆಯ್ತಿತ್ತೇನೋ."

ಅವಳು ಮತ್ತೆ ಕಲ್ಲಿಗೆ ನೀರು ಚಿಮುಕಿಸಿ, ಎಡಗೈಯಲ್ಲೇ ನಿಧಾನವಾಗಿ ಮಸೆದಳು. ಕತ್ತಿ ಹರಿತವಾಯಿತು. ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ತಟ್ಟೆಗಳಿಗೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಚೂರುಗಳ ಕೆಳಗಿನಿಂದ ಹುಳ ಒಂದೊಂದಾಗಿ ಮೇಲೆ ಬಂದು ತಿನ್ನತೊಡಗಿದವು.

ರಾತ್ರಿ ಊಟಕ್ಕೆ ಕೂತಾಗ ಮಾದೇವಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆ ಸುತ್ತಿದ ಎಡಗೈಯಲ್ಲಿ ಮುದ್ದೆ ಮುರಿದಳು. ಸಿದ್ದಮಲ್ಲಪ್ಪ ಸಾರಿನ ಬಟ್ಟಲನ್ನು ಅವಳ ಎಡಮಗ್ಗುಲಿಗೆ ಸರಿಸಿದ.