ಟೈಲರಮ್ಮನ ಮ್ಯಾಟಿನಿ

ಇಬ್ಬರು ಆಳುಗಳು ಎರಡೂ ಕಡೆ ಹಿಡಿದು ಕಪಾಟನ್ನು ಎತ್ತಿಯೇಬಿಟ್ಟಿದ್ದರು.

“ಹುಷಾರು, ಅಡ್ಡ ಮಲಗಿಸ್ಬೇಡಿ,” ಎಂದ ಗಂಡ. ಹೆಂಡತಿಯ ಹೆಣದ ಪಕ್ಕ ಕೂತವನ ಬಾಯಿಂದ ಬೆಳಗಿನಿಂದ ಹೊರಟ ಮೊದಲ ಮಾತು ಅದು.

“ಮಲಗಿಸಿದ್ರೇನಂತೆ?” ಬಾಗಿಲಲ್ಲಿ ನಿಂತ ಅವನ ಅಣ್ಣ ಕೈಬೀಸಿದ. “ಜನ ಬರ್ತಾರೆ, ಜಾಗ ಬೇಡ್ವಾ? ಅಂಗಳಕ್ಕೆ ಹಾಕಿ. ನಾಳೆ ಗುಜರಿಯವನಿಗೆ ಬರೋಕೆ ಹೇಳಿದೀನಿ.”

ಕಪಾಟಿನ ತುಂಬ ತೀರಿಕೊಂಡ ಟೈಲರಮ್ಮನ ಲೇಸರ್ ಡಿಸ್ಕುಗಳು. ಊಟದ ತಟ್ಟೆಯಷ್ಟು ಅಗಲ, ಕನ್ನಡಿಯಂಥ ಹೊಳಪು. ಎಲ್ಲವೂ ಹಳೆಯ ಕಪ್ಪುಬಿಳುಪು ಸಿನಿಮಾಗಳು. ಲೋಕವೆಲ್ಲ ಬಿಸಾಡಿದ್ದನ್ನು ಆಕೆ ಹುಡುಕಿ ಹುಡುಕಿ ತಂದಿದ್ದಳು. ಒಂದರ ಮೇಲೊಂದು ಪೇರಿಸಿದರೆ ಸೊಟ್ಟಗಾಗುತ್ತವೆಂದು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿದ್ದಳು.

ಪಕ್ಕದ ಮನೆಯ ನರ್ಸಮ್ಮ ಟೈಲರಮ್ಮನ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಅಣ್ಣನೆದುರು ಅವನು ಜೀವಮಾನವಿಡೀ ನೋಡಿದ್ದು ನೆಲವನ್ನೇ.

*

ಮದುವೆಯಾದ ಹೊಸತರಲ್ಲಿ ಇಬ್ಬರೂ ಮ್ಯಾಟಿನಿ ಮುಗಿಸಿ ಬಂದಾಗ ಅಣ್ಣ ಮೆಟ್ಟಿಲ ಮೇಲೆ ಕಾದಿದ್ದ.

“ಮಾನವಂತರ ಮನೆ ಹೆಣ್ಣು ಕತ್ತಲಲ್ಲಿ ಕಂಡಕಂಡವರ ಮಧ್ಯೆ ಕೂರಲ್ಲ. ಥಿಯೇಟರಿನ ಮಾತು ಇನ್ನು ಈ ಮನೇಲಿ ಬೇಡ.”

ಅಪ್ಪ ಬಿಟ್ಟುಹೋದ ಮನೆ. ಮಹಡಿ ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಯಜಮಾನಿಕೆ ಮಾತ್ರ ಎರಡೂ ಕಡೆ ಅಣ್ಣನದೇ.

ಅವಳು ಹೊಲಿಗೆ ಮಷಿನ್ ಮುಂದೆ ಕೂತಳು. ಹೊಲಿದಳು. ವರ್ಷಗಟ್ಟಲೆ ಊರವರ ಬಟ್ಟೆ ಹೊಲಿದಳು. ಆಚೆ ಬೀದಿಯ ಕ್ಲಬ್ಬು ಮುಚ್ಚಿದಾಗ ಅಲ್ಲಿನ ಟೀವಿಯನ್ನೂ ಡಿಸ್ಕ್ ಪ್ಲೇಯರನ್ನೂ ಕೈಗಾಡಿಯಲ್ಲಿ ಹಾಕಿಸಿಕೊಂಡು ಬಂದು, ಅಣ್ಣನ ಕಣ್ಣೆದುರೇ ಇಳಿಸಿದಳು.

“ಏನಿದು?”

“ಥಿಯೇಟರಿಗೆ ಹೋಗ್ಬೇಡ ಅಂದ್ರಿ ಭಾವ, ಹೋಗ್ಲಿಲ್ಲ. ಅದೇ ಬಂತು.”

ಕಿಟಕಿಗೆ ಕಪ್ಪು ಪರದೆ ಹೊಲಿದು ಹಾಕಿದಳು. ಭಾನುವಾರ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಬಂದು ಸೇರುವರು. ಮಹಡಿಯಿಂದ ಅಣ್ಣ ಕೋಲಿನಲ್ಲಿ ನೆಲ ಕುಟ್ಟಿದರೆ ಅವಳು ಸೌಂಡು ಇನ್ನಷ್ಟು ಏರಿಸುವಳು. “ಪಾಪ, ಭಾವನಿಗೆ ಸರಿಯಾಗಿ ಕೇಳಿಸ್ತಿಲ್ಲ!”

ಗಂಡ ಮಾತ್ರ ಬಾಗಿಲಾಚೆ ನಿಲ್ಲುತ್ತಿದ್ದ, ಅಣ್ಣ ಇಳಿದು ಬಂದರೆ ಸಮಾಧಾನ ಮಾಡಲು. “ಒಳಗೆ ಬನ್ರೀ, ಇಲ್ಲೇನು ಕಳ್ಳಬಟ್ಟಿ ಕಾಯಿಸ್ತಿದೀವಾ?” ಎಂದು ಅವಳು ಕರೆದಳು, ಬೈದಳು, ಕೊನೆಗೆ ಕೈಬಿಟ್ಟಳು. ಅಷ್ಟು ವರ್ಷವೂ ಅವನು ಸಿನಿಮಾ ಕೇಳಿಸಿಕೊಂಡನೇ ಹೊರತು ನೋಡಲಿಲ್ಲ.

*

ಅವಳನ್ನು ಮಣ್ಣು ಮಾಡಿ ಬಂದಾಗ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಅಂಗಳದಲ್ಲಿ ಕಪಾಟು ಮಗುಚಿ ಬಿದ್ದಿತ್ತು. ಡಿಸ್ಕುಗಳು ಅಡ್ಡಾದಿಡ್ಡಿ ಹರಡಿ ಬಿಸಿಲಿಗೆ ಕಾಯುತ್ತಿದ್ದವು.

ಗಂಡ ಬಗ್ಗಿದ. ಒಂದನ್ನು ಅಂಗಿಯಲ್ಲಿ ಒರೆಸಿದ. ಆಮೇಲೆ ತೋಳಿನ ತುಂಬ ಬಾಚಿಕೊಂಡು ಒಳಗೆ ನಡೆದ.

“ಏನೋ ಮಾಡ್ತಿದೀಯ?” ಅಣ್ಣ ಅಡ್ಡ ಬಂದ.

“ಸಿನಿಮಾ ಹಾಕ್ತಿದೀನಿ.”

“ಹೆಣ ಎತ್ತಿದ ಮನೇಲಾ? ಜನ ಏನಂದಾರು?”

“ಜನಾನೇ ಕೇಳೋಣ.” ಅಂಗಳದಲ್ಲಿದ್ದವರ ಕಡೆ ತಿರುಗಿದ. “ಬರೋರು ಬನ್ನಿ.”

ಹೆಂಗಸರು ಅಣ್ಣನ ಮುಖ ನೋಡಿದರು. ಆಮೇಲೆ ನರ್ಸಮ್ಮ ಮೂಗೊರೆಸಿಕೊಂಡು, ಬಿದ್ದಿದ್ದ ಡಿಸ್ಕುಗಳಲ್ಲಿ ಹುಡುಕಿ ಒಂದನ್ನು ಎತ್ತಿಕೊಂಡಳು.

“ಇದು ಹಾಕಿ. ಇದಕ್ಕೆ ಅವ್ಳು ಎಷ್ಟು ನಗೋಳು ಅಂದ್ರೆ, ಮಾತು ಒಂದೂ ನಮ್ಮ ಕಿವಿಗೆ ಬಿದ್ದಿಲ್ಲ.”

ಅವಳ ಹಿಂದೆ ಒಬ್ಬೊಬ್ಬರಾಗಿ ಹೆಂಗಸರು, ಕೈಗೆ ಸಿಕ್ಕಷ್ಟು ಡಿಸ್ಕುಗಳನ್ನು ಎದೆಗವಚಿಕೊಂಡು ಹೊರಟರು.

“ಇದು ನಮ್ಮಪ್ಪನ ಮನೆ!” ಅಣ್ಣ ಕೂಗಿದ. “ನಾನು ಹೇಳ್ತಿದೀನಿ, ನಿಲ್ಸು!”

“ನನಗೂ ಅಪ್ಪ ಅಲ್ವೇನೋ?” ಗಂಡ ಅಣ್ಣನ ಕಣ್ಣಲ್ಲಿ ಕಣ್ಣಿಟ್ಟ. ಈ ಸಲ ಕಣ್ಣು ತಗ್ಗಲಿಲ್ಲ. “ಈ ಮಾತು ಅವ್ಳಿದ್ದಾಗ ಆಡ್ಬೇಕಿತ್ತು. ಗುಜರಿಯವನು ಬಂದ್ರೆ ಮೊದ್ಲು ನನ್ನನ್ನ ಎತ್ಕೊಂಡು ಹೋಗ್ಲಿ.”

ಯಾವ ಗುಂಡಿ ಒತ್ತಬೇಕೆಂದೂ ಅವನಿಗೆ ಗೊತ್ತಿರಲಿಲ್ಲ. ನರ್ಸಮ್ಮ ತೋರಿಸಿಕೊಟ್ಟಳು. ಅವನು ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹಳೆಯ ಡಿಸ್ಕು, ಚಿತ್ರದ ತುಂಬ ಬಿಳಿ ಚುಕ್ಕೆಗಳು ಉದುರುತ್ತಿದ್ದವು. ಅಣ್ಣ ಹೊಸ್ತಿಲ ಮೇಲೆ, ಬಾಗಿಲು ತೆರೆದಿಟ್ಟುಕೊಂಡೇ ನಿಂತಿದ್ದ.

“ಒಳಗಾದ್ರೂ ಬಾ, ಹೊರಗಾದ್ರೂ ಹೋಗು,” ಎಂದ ತಮ್ಮ, ಹಿಂದಿರುಗಿ ನೋಡದೆ. “ಬೆಳಕು ಬೀಳ್ತಿದೆ.”

ಚಿತ್ರದಲ್ಲಿ ದಪ್ಪ ಮನುಷ್ಯನೊಬ್ಬ ಗಾಳಿಗೆ ಹಾರಿದ ಟೋಪಿಯ ಬೆನ್ನು ಹತ್ತಿ ಓಡಿ, ಸೀದಾ ಕೊಚ್ಚೆಗೆ ಬಿದ್ದ. ಬೆಳಗಿನಿಂದ ಅಳದವನು ಹೊಟ್ಟೆ ಹಿಡಿದು ನಕ್ಕ. ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳಲು ಪುರಸೊತ್ತಿಲ್ಲದೆ, ಮುಂದೇನಾಯಿತೆಂದು ಕತ್ತು ಚಾಚಿ ನೋಡತೊಡಗಿದ.